ನೋಟವೂ ಬುದ್ಧಿಶಕ್ತಿಯೂ: ಸ್ವಲೀನತೆಯ ಇತಿಹಾಸದಲ್ಲಿ ಒಂದು ಪ್ರಶ್ನೆ

ಕ್ರಿ. ಶ. ೧೯೦೫ರಲ್ಲಿ ಪ್ಯಾರಿಸ್ ನಗರದ ಮನಶ್ಶಾಸ್ತ್ರಜ್ಞನಾದ ಆಲ್ಫ್ರೆಡ್ ಬಿನೆಯೂ ಅವನ ಸಹೋದ್ಯೋಗಿಯಾದ ಥಿಯೊಡೋರ್ ಸಿಮೋನನೂ ಕೂಡಿ ಮಕ್ಕಳ ಬುದ್ಧಿಶಕ್ತಿಯನ್ನು ಅಳೆಯುವುದಕ್ಕಾಗಿ ಮೂವತ್ತು ಅಂಶಗಳ ಒಂದು ಮಾನಕವನ್ನು ಪ್ರಕಟಿಸಿದರು. ಈಚಿನ ಬುದ್ಧಿಪರೀಕ್ಷೆಗಳಿಗೆಲ್ಲ ಮೂಲವೆನ್ನಬಹುದಾದ ಈ ಮಾನಕದ ಮೊದಲನೆಯ ಅಂಶ ಯಾವುದೆಂಬುದನ್ನು ನಮ್ಮ ಪಠ್ಯಪುಸ್ತಕಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಅದಕ್ಕೆ ಬಿನೆ ಕೊಟ್ಟ ಹೆಸರು 'ನೋಟ'. ಪರೀಕ್ಷಕನು ಬೆಂಕಿಕಡ್ಡಿಯೊಂದನ್ನು ಗೀರಿ ಮಗುವಿನ ಕಣ್ಣೆದುರಿಗೆ ಅತ್ತಿತ್ತ ಆಡಿಸಬೇಕು. ಮಗುವಿನ ತಲೆಯೂ ಕಣ್ಣೂ ಆ ಬೆಳಕನ್ನು ಹಿಂಬಾಲಿಸುತ್ತವೆಯೆ ಇಲ್ಲವೆ ಎಂಬುದನ್ನು ಗುರುತುಮಾಡಿಕೊಳ್ಳಬೇಕು. ಲೆಕ್ಕ, ಜ್ಞಾಪಕ, ಪದಾರ್ಥಜ್ಞಾನ ಮೊದಲಾದುವೆಲ್ಲ ಇದರ ಅನಂತರ ಬರತಕ್ಕವು.

ಕಣ್ಣು ಒಂದೆಡೆ ನೆಲೆಗೊಳ್ಳದ ಶಿಶುವಿನ ವಿಷಯದಲ್ಲಿ ಮುಂದಿನ ಪರೀಕ್ಷೆಗಳು ನಡೆಯಲಾರವೆಂಬ ತರ್ಕ ಸಹಜವಾದುದೇ, ಬಿನೆಯನ್ನು ದೂಷಿಸಬೇಕಾದುದಿಲ್ಲ. ಆದರೆ ಉರಿಯುವ ಕಡ್ಡಿಯನ್ನು ಹಿಂಬಾಲಿಸುವ ಕಣ್ಣು ಬೇರೆ, ಎದುರಿಗೆ ಕುಳಿತ ಮನುಷ್ಯನ ಕಣ್ಣಿನೊಡನೆ ಕೂಡುವ ಕಣ್ಣು ಬೇರೆ. ಈ ಎರಡನ್ನೂ ಒಂದೆಂದು ಭಾವಿಸಿ, ಎರಡನೆಯದು ಇಲ್ಲದಿದ್ದಲ್ಲಿ ಬುದ್ಧಿಯೇ ಇಲ್ಲವೆಂದು ನಿರ್ಣಯಿಸಿದ ಉದಾಹರಣೆಗಳು ಬಿನೆಗಿಂತ ಹಿಂದೆಯೂ ಉಂಟು, ಮುಂದೆಯೂ ಉಂಟು. ಈ ನಿರ್ಣಯಕ್ಕೆ ಎಲ್ಲರಿಗಿಂತ ಹೆಚ್ಚಾಗಿ ಒಳಗಾದವರು ಇಂದು ನಾವು ಆಟಿಸಂ ಅಥವಾ ಸ್ವಲೀನತೆ ಎಂದು ಕರೆಯುವ ಸ್ಥಿತಿಯಲ್ಲಿ ಹುಟ್ಟಿ ಬೆಳೆದವರು. ಅನ್ಯರೊಡನೆ ವ್ಯವಹರಿಸುವ ರೀತಿ, ಮಾತು, ಆಸಕ್ತಿ, ಇಂದ್ರಿಯಾನುಭವ ಇವುಗಳಲ್ಲಿ ಎಳವೆಯಿಂದಲೇ ಕಾಣಬರುವ ವಿಶಿಷ್ಟವಾದ ಬೆಳವಣಿಗೆಯ ಕ್ರಮಕ್ಕೆ ಈ ಹೆಸರು. ಪರರ ಕಣ್ಣನ್ನು ನೋಡದಿರುವುದು ಅದರ ಪ್ರಸಿದ್ಧವಾದ ಲಕ್ಷಣಗಳಲ್ಲಿ ಒಂದು. ಈ ಲಕ್ಷಣಕ್ಕೂ ಬುದ್ಧಿಶಕ್ತಿಗೂ ಸಂಬಂಧವನ್ನು ಕಲ್ಪಿಸಿದವರು ಯಾರು, ಅದನ್ನು ಬಿಡಿಸಲೆತ್ನಿಸಿದವರು ಯಾರು, ಈ ಕಲ್ಪನೆಯಿಂದ ಆ ಮಕ್ಕಳಿಗೆ ಆದುದೇನು ಎಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲೇ ಒಂದು ಮಾತನ್ನು ಹೇಳಬೇಕು. 'ಮುಖಕೊಟ್ಟು ಮಾತನಾಡುವುದು' ಎಂಬುದು ನಮ್ಮಲ್ಲಿ ಸ್ನೇಹದ, ಆದರದ ಗುರುತು. ಮುಖ ತಿರುಗಿಸುವುದು ಮುನಿಸಿನ ಗುರುತು. ಅದೇ ಕಾಲದಲ್ಲಿ ಹಿರಿಯರೆದುರು ದೃಷ್ಟಿ ತಗ್ಗಿಸಿ ನಿಲ್ಲುವುದು ವಿನಯವೆಂದೂ, ಗದರಿಸುವ ಗುರುವಿನ ಕಣ್ಣನ್ನೇ ದಿಟ್ಟಿಸುವುದು ಉದ್ಧಟತನವೆಂದೂ ನಮ್ಮ ಮನೆಗಳಲ್ಲಿ ಕಲಿಸುತ್ತ ಬಂದಿದ್ದಾರೆ. ನೋಟದ ಅರ್ಥ ಸಂದರ್ಭದಿಂದ ಸಂದರ್ಭಕ್ಕೆ, ಸಮಾಜದಿಂದ ಸಮಾಜಕ್ಕೆ ಬದಲಾಗತಕ್ಕದ್ದು. ಈ ವಿಷಯವನ್ನು ಕುರಿತ ಶಾಸ್ತ್ರಗ್ರಂಥಗಳಲ್ಲಿ ಬಹುಪಾಲು ಐರೋಪ್ಯ ಮತ್ತು ಅಮೆರಿಕನ್ ಸಮಾಜಗಳಲ್ಲಿ ಹುಟ್ಟಿದವು. ಅಲ್ಲಿ ನೇರವಾದ ನೋಟಕ್ಕೆ ಪ್ರಾಮಾಣಿಕತೆಯ ಬೆಲೆಯೂ ಚುರುಕುತನದ ಬೆಲೆಯೂ ಸೇರಿಕೊಂಡಿವೆ ಎಂಬುದನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

೧೮೦೦ನೆಯ ಇಸವಿ ಜನವರಿಯಲ್ಲಿ ದಕ್ಷಿಣ ಫ್ರಾನ್ಸಿನ ಅವೆರೋನ್ ಪ್ರಾಂತದ ಕಾಡಿನಂಚಿನಲ್ಲಿ ಸುಮಾರು ಹನ್ನೊಂದು ಹನ್ನೆರಡು ವರ್ಷದ ಹುಡುಗನೊಬ್ಬನು ಸಿಕ್ಕಿದನು. ಅವನಿಗೆ ಮಾತಿರಲಿಲ್ಲ. ಅದೇ ವರ್ಷ ಅವನನ್ನು ಪ್ಯಾರಿಸಿನ ಮೂಕಬಧಿರರ ವಿದ್ಯಾಲಯಕ್ಕೆ ಕರೆತರಲಾಯಿತು. ಆ ಕಾಲದ ಫ್ರಾನ್ಸಿನಲ್ಲಿ ಮನೋವೈದ್ಯರಲ್ಲೆಲ್ಲ ಅಗ್ರಗಣ್ಯನಾಗಿದ್ದ ಫಿಲಿಪ್ ಪಿನೆಲನು ಹುಡುಗನನ್ನು ಪರೀಕ್ಷಿಸಿ ಕೊಟ್ಟ ವರದಿಯಲ್ಲಿ ಅವನ ಕಣ್ಣುಗಳ ಅಸ್ಥಿರತೆಯನ್ನು ವಿಶೇಷವಾಗಿ ಎತ್ತಿಹೇಳಿದ್ದನು. ಅವು ಒಂದರಿಂದ ಒಂದಕ್ಕೆ ಅಲೆಯುತ್ತಿದ್ದುವು. ಯಾವುದರ ಮೇಲೆಯೂ ನಿಲ್ಲುತ್ತಿರಲಿಲ್ಲ. ಬಿಸೆತ್ರ್ ಆಸ್ಪತ್ರೆಯಲ್ಲಿ ತಾನು ಕಂಡಿದ್ದ ಜಡಮತಿ ಮಕ್ಕಳ ಸಾಲಿಗೇ ಇವನೂ ಸೇರತಕ್ಕವನು, ಶಿಕ್ಷಣದಿಂದ ಪ್ರಯೋಜನವಿಲ್ಲ ಎಂದು ಪಿನೆಲನು ತೀರ್ಮಾನಿಸಿದನು.

ವಿದ್ಯಾಲಯದ ತರುಣ ವೈದ್ಯನಾದ ಜಾನ್ ಮಾರ್ಕ್ ಇಟಾರನು ಇದನ್ನು ಒಪ್ಪಲಿಲ್ಲ. ಹುಡುಗನಿಗೆ ವಿಕ್ಟರ್ ಎಂದು ಹೆಸರಿಟ್ಟು ಸುಮಾರು ಐದು ವರ್ಷ ಅವನಿಗೆ ಪಾಠ ಹೇಳಿ, ೧೮೦೧ರಲ್ಲಿ ಒಂದು, ೧೮೦೬ರಲ್ಲಿ ಒಂದು ವರದಿಯನ್ನು ಬರೆದನು. ಇವುಗಳಲ್ಲಿ ಬರುವ ಒಂದು ಸಂಗತಿ ನಮ್ಮ ವಿಷಯಕ್ಕೆ ಬಹು ಮುಖ್ಯವಾದುದು. ಹಿಂದಿನಿಂದ ಪಿಸ್ತೂಲು ಹಾರಿಸಿದರೂ ಹೆಚ್ಚಾಗಿ ಗಮನಿಸದ ಈ ಹುಡುಗನು, ಅವನಿಗೆ ಬಲು ಇಷ್ಟವಾದ ಅಕ್ರೋಟು ಕಾಯಿಯನ್ನು ಯಾರಾದರೂ ಒಡೆದ ಸಣ್ಣ ಸದ್ದಾದರೆ ತಟ್ಟನೆ ತಿರುಗುತ್ತಿದ್ದನು. ಕಿವಿ ಕೇಳುತ್ತಿತ್ತು, ಆದರೆ ತನಗೆ ಬೇಕಾದುದನ್ನು ಮಾತ್ರ ಆರಿಸಿ ಕೇಳುತ್ತಿತ್ತು. ಕಣ್ಣಿನ ವಿಷಯವೂ ಹಾಗೆಯೇ. ಜನರ ಮುಖದ ಮೇಲೆ ನಿಲ್ಲದ ಅದೇ ದೃಷ್ಟಿ ಬೆಳದಿಂಗಳ ರಾತ್ರಿಯಲ್ಲಿ ಕಿಟಕಿಯ ಹೊರಗಿನ ಬಯಲಿನ ಮೇಲೆ ಬಹಳ ಹೊತ್ತು ನೆಟ್ಟಿರುತ್ತಿದ್ದುದನ್ನು ಇಟಾರನು ದಾಖಲೆಮಾಡಿದ್ದಾನೆ. ಅವನಿಗೆ ಪೂರ್ಣಜಯ ಸಿಕ್ಕಲಿಲ್ಲ. ವಿಕ್ಟರನು ಕೆಲವು ಬರೆದ ಪದಗಳನ್ನು ಗುರುತಿಸಬಲ್ಲವನಾದನೇ ಹೊರತು ಮಾತನಾಡುವವನಾಗಲಿಲ್ಲ. ೧೮೨೮ರಲ್ಲಿ ಅವನು ಸತ್ತನು. ವಿಕ್ಟರನು ಸ್ವಲೀನನಾಗಿದ್ದನೆಂದು ಈಚಿನ ಕೆಲವು ವಿದ್ವಾಂಸರು ವಾದಿಸಿದ್ದಾರೆ. ಎರಡು ಶತಮಾನಗಳ ಹಿಂದಿನ ಕಾಗದಗಳಿಂದ ರೋಗನಿದಾನ ಮಾಡುವುದು ಸಾಹಸವೆಂದೇ ನಮ್ಮ ಅಭಿಪ್ರಾಯ. ಆದರೆ ಪಿನೆಲ್ ಮತ್ತು ಇಟಾರರ ನಡುವಣ ಭಿನ್ನಾಭಿಪ್ರಾಯ ಮಾತ್ರ ಈ ಇತಿಹಾಸಕ್ಕೆ ನಿಜವಾದ ಪೀಠಿಕೆಯಾಗಿದೆ. ಕಣ್ಣು ನಿಲ್ಲದಿದ್ದುದನ್ನು ಒಬ್ಬನು ಬುದ್ಧಿಯ ಅಭಾವವೆಂದು ಓದಿದನು. ಕಣ್ಣು ಎಲ್ಲಿ ನಿಲ್ಲುತ್ತದೆ ಎಂದು ಇನ್ನೊಬ್ಬನು ಕಾದು ನೋಡಿದನು.

ಇಟಾರನ ಶಿಷ್ಯಪರಂಪರೆಯಲ್ಲಿ ಬಂದ ಎದ್ವಾರ್ ಸೆಗ್ಯಾಂ ಎಂಬುವನು ಮಂದಬುದ್ಧಿಯ ಮಕ್ಕಳ ಶಿಕ್ಷಣಕ್ಕಾಗಿ ಒಂದು ಸರಳವಾದ ಸಾಧನವನ್ನು ಬಳಕೆಗೆ ತಂದನು. ಮರದ ಹಲಗೆಯಲ್ಲಿ ವೃತ್ತ, ಚೌಕ, ನಕ್ಷತ್ರ ಮೊದಲಾದ ಆಕಾರಗಳ ಗುಳಿಗಳನ್ನು ಕೊರೆದಿರುತ್ತಾರೆ. ಆಯಾ ಗುಳಿಗೆ ಸರಿಹೊಂದುವ ತುಂಡನ್ನು ಮಗು ಆರಿಸಿ ಕೂರಿಸಬೇಕು. ಇದನ್ನು ಮಾಡುವುದಕ್ಕೆ ಪರೀಕ್ಷಕನ ಮುಖವನ್ನು ನೋಡಬೇಕಾಗಿಲ್ಲ; ಅವನ ಮಾತು ತಿಳಿಯಬೇಕಾದುದೂ ಇಲ್ಲ. ಈ ಹಲಗೆಯ ಪ್ರಸ್ತಾಪ ಮುಂದೆ ಬರುವುದು.

ಬಿನೆಯ ಮಾನಕ ಬಹುಬೇಗ ದೇಶಾಂತರಗಳಿಗೆ ಹರಡಿತು. ೧೯೧೨ರಲ್ಲಿ ಜರ್ಮನಿಯ ವಿಲಿಯಂ ಸ್ಟರ್ನನು ಮಾನಸಿಕ ವಯಸ್ಸನ್ನು ನಿಜವಾದ ವಯಸ್ಸಿನಿಂದ ಭಾಗಿಸುವ ಕ್ರಮವನ್ನು ಸೂಚಿಸಿದನು. ೧೯೧೬ರಲ್ಲಿ ಅಮೆರಿಕದ ಟರ್ಮನ್ನನ ಪರಿಷ್ಕರಣದೊಡನೆ 'ಬುದ್ಧಿಲಬ್ಧ' ಎಂಬ ಅಂಕಿ ಲೋಕಪ್ರಸಿದ್ಧವಾಯಿತು. ನಮ್ಮ ನಾಡಿಗೂ ಇದರ ಸಂಬಂಧ ಬಹಳ ಹಳೆಯದು. ಲಂಡನ್ನಿನಲ್ಲಿ ಸ್ಪಿಯರ್ಮನ್ನನ ಶಿಷ್ಯರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ೧೯೨೪ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಆರಂಭಿಸಿದರು. ಧಾರವಾಡದಲ್ಲಿ ವಿ. ವಿ. ಕಾಮತರು ಬಿನೆಯ ಪರೀಕ್ಷೆಗಳನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ಅಳವಡಿಸಿ, ಆ ಕಾರ್ಯದ ವಿವರಣೆಯನ್ನು ೧೯೪೦ರಲ್ಲಿ ಇಂಗ್ಲಿಷಿನಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಬಿನೆ–ಕಾಮತ್ ಪರೀಕ್ಷೆಯೆಂದು ಹೆಸರಾದ ಅದು ಭಾರತದ ಚಿಕಿತ್ಸಾಲಯಗಳಲ್ಲಿ ದಶಕಗಳ ಕಾಲ ರೂಢಿಯಲ್ಲಿ ನಿಂತಿತು. ಈ ವರ್ಗದ ಪರೀಕ್ಷೆಗಳ ವಿಧಾನವನ್ನು ಇಲ್ಲಿ ನೆನಪುಮಾಡಿಕೊಳ್ಳಬೇಕು. ಪರೀಕ್ಷಕನು ಮಗುವಿನ ಎದುರಿಗೆ ಕುಳಿತು, ಅದರ ವಿಶ್ವಾಸವನ್ನು ಗಳಿಸಿ, ಬಾಯಿಮಾತಿನಲ್ಲಿ ಪ್ರಶ್ನೆ ಕೇಳುತ್ತಾನೆ. ಮಗು ಬಾಯಿಮಾತಿನಲ್ಲಿ ಉತ್ತರ ಹೇಳಬೇಕು. ಪರೀಕ್ಷೆಗೆ ಮೊದಲೇ ಇಬ್ಬರ ನಡುವೆ ಒಂದು ಸಾಮಾಜಿಕ ವ್ಯವಹಾರ ನಡೆದುಹೋಗಿರುತ್ತದೆ. ಆ ವ್ಯವಹಾರವೇ ಯಾವ ಮಗುವಿಗೆ ಕಷ್ಟವೋ ಅದರ ಬುದ್ಧಿಯನ್ನು ಈ ಮಾನಕ ಎಷ್ಟರಮಟ್ಟಿಗೆ ಅಳೆದೀತು?

ಈ ಪ್ರಶ್ನೆ ಸ್ಪಷ್ಟವಾಗಿ ತಲೆಯೆತ್ತಿದುದು ಅಮೆರಿಕದ ಬಾಲ್ಟಿಮೋರಿನಲ್ಲಿ. ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಶಿಶುಮನೋವೈದ್ಯನಾದ ಲಿಯೋ ಕ್ಯಾನರನು ೧೯೪೩ರಲ್ಲಿ ಎಂಟು ಹುಡುಗರು, ಮೂವರು ಹುಡುಗಿಯರು, ಒಟ್ಟು ಹನ್ನೊಂದು ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದನು. ೧೯೧೧ರಲ್ಲಿ ಬ್ಲೂಲರನು ಬೇರೊಂದು ಮನೋರೋಗದ ವಿವರಣೆಯಲ್ಲಿ ಪ್ರಯೋಗಿಸಿದ್ದ 'ಆಟಿಸಂ' ಎಂಬ ಪದವನ್ನು ತೆಗೆದುಕೊಂಡು ಈ ಮಕ್ಕಳ ಸ್ಥಿತಿಗೆ ಅದನ್ನು ಹೊಂದಿಸಿದನು. ಅವನ ವಿವರಣೆಗಳಲ್ಲಿ ನೋಟದ ಪ್ರಸ್ತಾಪ ಮತ್ತೆ ಮತ್ತೆ ಬರುತ್ತದೆ. ಕೋಣೆಗೆ ಬಂದ ಮಗು ಜನರನ್ನು ಬಿಟ್ಟು ವಸ್ತುಗಳ ಕಡೆಗೆ ನಡೆಯುತ್ತದೆ. ಒಬ್ಬ ಹುಡುಗನು ಯಾರ ಮುಖವನ್ನೂ ತಲೆಯೆತ್ತಿ ನೋಡಿದವನೇ ಅಲ್ಲ. ಸೂಜಿಯಿಂದ ಚುಚ್ಚಿದಾಗ ಸೂಜಿಗೆ ಹೆದರುವ ಮಗು ಚುಚ್ಚಿದವನಿಗೆ ಹೆದರುವುದಿಲ್ಲ.

ಇಂತಹ ಮಕ್ಕಳಲ್ಲಿ ಹೆಚ್ಚಿನವರನ್ನು ಒಂದಲ್ಲ ಒಂದು ಕಾಲದಲ್ಲಿ ಮಂದಬುದ್ಧಿಯವರೆಂದು ಪರಿಗಣಿಸಲಾಗಿತ್ತು. ಕ್ಯಾನರನು ಅದನ್ನು ನಿರಾಕರಿಸಿ, ಇವರೆಲ್ಲರಿಗೂ ಉತ್ತಮವಾದ ಗ್ರಹಣಶಕ್ತಿಯುಂಟೆಂದು ಸಾರಿದನು. ಬಿನೆಯ ಮಾದರಿಯ ಪರೀಕ್ಷೆಗಳನ್ನು ಇವರ ಮೇಲೆ ನಡೆಸುವುದಕ್ಕೇ ಆಗಲಿಲ್ಲವೆಂದೂ, ಆದರೆ ಸೆಗ್ಯಾಂನ ಹಲಗೆಯನ್ನು ಮುಂದಿಟ್ಟಾಗ ಎಲ್ಲರೂ ಚೆನ್ನಾಗಿ ಮಾಡಿದರೆಂದೂ ಬರೆದನು. ಮೊದಲನೆಯ ಹುಡುಗನಾದ ಡೊನಾಲ್ಡನು ೧೯೩೮ರ ಅಕ್ಟೋಬರಿನಲ್ಲಿ ಅವನ ಬಳಿಗೆ ಬಂದವನು. ಆ ಹುಡುಗನು ಎರಡನೆಯ ವಯಸ್ಸಿಗೇ ಬೈಬಲ್ಲಿನ ಒಂದು ಕೀರ್ತನೆಯನ್ನೂ, ಕ್ರೈಸ್ತ ಧರ್ಮಬೋಧೆಯ ಇಪ್ಪತ್ತೈದು ಪ್ರಶ್ನೋತ್ತರಗಳನ್ನೂ ಬಾಯಿಪಾಠ ಒಪ್ಪಿಸುತ್ತಿದ್ದನು. ಮಂದಬುದ್ಧಿಯವರ ಸರ್ಕಾರಿ ಶಾಲೆಯಲ್ಲಿ ಇರಿಸಲ್ಪಟ್ಟಿದ್ದ ಒಬ್ಬ ಹುಡುಗಿಗೆ ಮಾತು ಬೇಡದ ಅಂಶಗಳನ್ನು ಮಾತ್ರ ಕೊಟ್ಟು ನೋಡಿದಾಗ ಬುದ್ಧಿಲಬ್ಧ ೯೪ ಬಂದಿತು. ಎಂದರೆ ಸರಾಸರಿಗೆ ಬಹು ಸಮೀಪ.

ಕ್ಯಾನರನ ವಾದದಲ್ಲಿ ಒಂದು ದುರ್ಬಲವಾದ ಕೊಂಡಿಯೂ ಇದೆ, ಅದನ್ನು ಮರೆಮಾಚಬಾರದು. ಈ ಮಕ್ಕಳ ಮುಖದಲ್ಲಿ ಬುದ್ಧಿವಂತಿಕೆಯ ಕಳೆ ಎದ್ದುಕಾಣುತ್ತದೆ ಎಂಬುದನ್ನೂ ಅವನು ಪ್ರಮಾಣವಾಗಿ ಎಣಿಸಿದನು. ಕಣ್ಣು ಕೂಡದ್ದರಿಂದ ಬುದ್ಧಿಯಿಲ್ಲವೆಂದವರು ಎಷ್ಟು ಮುಖವನ್ನು ನಂಬಿದ್ದರೋ, ಮುಖ ಗಂಭೀರವಾಗಿದ್ದುದರಿಂದ ಬುದ್ಧಿಯಿದೆಯೆಂದ ಕ್ಯಾನರನೂ ಅಷ್ಟೇ ಮುಖವನ್ನು ನಂಬಿದನು. ಮುಂದಿನವರು ಅವನ ಅಭಿಪ್ರಾಯವನ್ನು ಸುಲಭವಾಗಿ ತಳ್ಳಿಹಾಕಲು ಇದೂ ಒಂದು ಕಾರಣವಾಗಿರಬೇಕು. ಆದರೆ ಹಲಗೆಯ ಸಾಕ್ಷ್ಯ ಬೇರೆ ಜಾತಿಯದು. ಅದನ್ನು ತಳ್ಳಿಹಾಕಲು ಮುಖದ ಕಳೆಯನ್ನು ಅಲ್ಲಗಳೆದರೆ ಸಾಲದು.

೧೯೭೧ರಲ್ಲಿ ಕ್ಯಾನರನು ಆ ಹನ್ನೊಂದು ಜನರ ಮುಂದಿನ ಕಥೆಯನ್ನು ಬರೆದನು. ಡೊನಾಲ್ಡ್ ಟ್ರಿಪ್ಲೆಟ್ಟನು ಮಿಸಿಸಿಪಿ ಸಂಸ್ಥಾನದ ಫಾರೆಸ್ಟ್ ಎಂಬ ತನ್ನ ಊರಿನಲ್ಲೇ ಬೆಳೆದು, ಕಾಲೇಜು ಮುಗಿಸಿ, ಬ್ಯಾಂಕಿನಲ್ಲಿ ಕೆಲಸಮಾಡುತ್ತಿದ್ದನು. ೨೦೨೩ರಲ್ಲಿ ಅವನು ತೀರಿಕೊಂಡನು. ಸರ್ಕಾರಿ ಮಾನಸಿಕ ಆಸ್ಪತ್ರೆಗಳಿಗೆ ಸೇರಿಸಲ್ಪಟ್ಟವರ ಸ್ಥಿತಿ ಬೇರೆಯಾಗಿತ್ತು. ಬಾಲ್ಯದಲ್ಲಿ ತೋರಿದ್ದ ಶಕ್ತಿಗಳೆಲ್ಲ ಅವರಲ್ಲಿ ಅಡಗಿಹೋಗಿದ್ದುವು. ಅಂತಹ ಆಸ್ಪತ್ರೆಯ ಪ್ರವೇಶವೆಂದರೆ ಜೀವಾವಧಿ ಶಿಕ್ಷೆಗೆ ಸಮಾನವೆಂದು ಕ್ಯಾನರನೇ ಒಪ್ಪಿಕೊಂಡನು.

ಬಾಲ್ಟಿಮೋರಿಗಿಂತ ಮೊದಲೇ ಮಾಸ್ಕೋ ನಗರದ ಗ್ರೂನ್ಯಾ ಸುಖರೇವಾ ಎಂಬ ವೈದ್ಯೆ ಆರು ಹುಡುಗರಲ್ಲಿ ಇದೇ ಬಗೆಯ ಸ್ವಭಾವವನ್ನು ವಿವರಿಸಿದ್ದಳು. ೧೯೨೬ರಲ್ಲಿ ಜರ್ಮನ್ ಭಾಷೆಯಲ್ಲಿಯೂ ಅದು ಪ್ರಕಟವಾಗಿತ್ತು. ಆದರೆ ೧೯೯೬ರವರೆಗೆ ಇಂಗ್ಲಿಷ್ ಬಲ್ಲ ಲೋಕ ಅದನ್ನು ಓದಲಿಲ್ಲ. ವಿಯೆನ್ನಾದ ಹಾನ್ಸ್ ಆಸ್ಪರ್ಗರನು ೧೯೪೪ರಲ್ಲಿ ನಾಲ್ವರು ಹುಡುಗರನ್ನು ಕುರಿತು ಬರೆದನು. ನೋಟದ ವಿಷಯದಲ್ಲಿ ಆಸ್ಪರ್ಗರನು ಕ್ಯಾನರನಿಗಿಂತಲೂ ಸೂಕ್ಷ್ಮದರ್ಶಿ. ಈ ಮಕ್ಕಳ ದೃಷ್ಟಿ ಎದುರಿನವನನ್ನು ಹಾದು ಎಲ್ಲೋ ದೂರಕ್ಕೆ ಹೋದಂತೆ ತೋರುತ್ತದೆ. ಆದರೂ ಕಣ್ಣಂಚಿನಿಂದಲೇ ಅವರು ಸುತ್ತಲಿನ ಎಷ್ಟೋ ಸಂಗತಿಗಳನ್ನು ಗ್ರಹಿಸಿರುತ್ತಾರೆ, ಅದು ಆಮೇಲೆ ಅಕಸ್ಮಾತ್ತಾಗಿ ಹೊರಬೀಳುತ್ತದೆ ಎಂದು ಅವನು ಗುರುತಿಸಿದನು. ನೋಡದಿರುವುದೆಂದರೆ ಕಾಣದಿರುವುದಲ್ಲ ಎಂಬ ಈ ಅವಲೋಕನ ಬಹುಕಾಲ ಜರ್ಮನ್ ಭಾಷೆಯಲ್ಲೇ ಉಳಿಯಿತು.

ಅದೇ ಆಸ್ಪರ್ಗರನ ಇನ್ನೊಂದು ಮುಖವನ್ನು ೨೦೧೮ರಲ್ಲಿ ಹೆರ್ವಿಗ್ ಚೆಕ್ ಎಂಬ ಇತಿಹಾಸಕಾರನು ದಾಖಲೆಗಳ ಸಹಿತ ಬಯಲಿಗೆ ತಂದನು. ಆಗ ವಿಯೆನ್ನಾ ನಾಜಿ ಆಡಳಿತದಲ್ಲಿತ್ತು. ಅಲ್ಲಿನ ಅಮ್ ಸ್ಪೀಗೆಲ್‌ಗ್ರುಂಡ್ ಎಂಬ ಚಿಕಿತ್ಸಾಲಯದಲ್ಲಿ ೧೯೪೦ರಿಂದ ೧೯೪೫ರವರೆಗೆ ೭೮೯ ಮಕ್ಕಳು ಸತ್ತರು; ಅವರಲ್ಲಿ ಅನೇಕರನ್ನು ಕೊಲ್ಲಲಾಯಿತು. ೧೯೪೨ರಲ್ಲಿ ೨೧೦ ಮಕ್ಕಳನ್ನು 'ಶಿಕ್ಷಣಯೋಗ್ಯ', 'ಶಿಕ್ಷಣಕ್ಕೆ ಅಯೋಗ್ಯ' ಎಂದು ವಿಂಗಡಿಸಲು ನೇಮಕವಾದ ಸಮಿತಿಯಲ್ಲಿ ಆಸ್ಪರ್ಗರನೂ ಒಬ್ಬ ಸದಸ್ಯನಾಗಿದ್ದನು. ಅಯೋಗ್ಯರೆನಿಸಿದ ೩೫ ಮಕ್ಕಳನ್ನು ಸ್ಪೀಗೆಲ್‌ಗ್ರುಂಡಿಗೆ ಕಳುಹಿಸಲಾಯಿತು. ಬುದ್ಧಿಯ ವಿಷಯವಾದ ನಿರ್ಣಯ ಶಾಲೆಯ ಬಾಗಿಲನ್ನು ತೆರೆಯುವುದು ಅಥವಾ ಮುಚ್ಚುವುದು ಎಂದಷ್ಟೇ ತಿಳಿದಿರುವ ನಾವು, ಒಂದು ಕಾಲದಲ್ಲಿ ಒಂದು ದೇಶದಲ್ಲಿ ಅದು ಪ್ರಾಣದ ಪ್ರಶ್ನೆಯೇ ಆಗಿತ್ತೆಂಬುದನ್ನು ಮರೆಯುವಂತಿಲ್ಲ.

ಯುದ್ಧಾನಂತರದ ಎರಡು ದಶಕಗಳಲ್ಲಿ ಪ್ರಶ್ನೆ ಪ್ರಯೋಗಶಾಲೆಯನ್ನು ಪ್ರವೇಶಿಸಿತು. ಲಂಡನ್ನಿನ ಮೈಕೇಲ್ ರಟರನೂ ಲಿಂಡಾ ಲಾಕ್ಯರಳೂ ೧೯೬೭ರಲ್ಲಿ ೬೩ ಮಕ್ಕಳ ದೀರ್ಘಕಾಲದ ಅಧ್ಯಯನವನ್ನು ಪ್ರಕಟಿಸಿ, ಇಂತಹ ಮಕ್ಕಳ ಬುದ್ಧಿಲಬ್ಧವೂ ಇತರ ಮಕ್ಕಳದರಂತೆಯೇ ಸ್ಥಿರವಾದುದು, ಅವರ ಭವಿಷ್ಯವನ್ನು ಸೂಚಿಸಬಲ್ಲದ್ದು ಎಂದು ತೋರಿಸಿದರು. ಇದು ಎಚ್ಚರಿಕೆಯಿಂದ ಮಾಡಿದ ಕೆಲಸ. ಎಲ್ಲ ಸ್ವಲೀನ ಮಕ್ಕಳಲ್ಲಿಯೂ ಗುಪ್ತವಾದ ಪ್ರತಿಭೆಯಿದೆಯೆಂಬ ಭ್ರಮೆಯನ್ನು ಅದು ಕಳೆಯಿತು. ಆದರೆ ಅದರ ಬೆನ್ನಲ್ಲಿ, ಸ್ವಲೀನರಲ್ಲಿ ಮುಕ್ಕಾಲುಪಾಲು ಜನ ಬುದ್ಧಿಮಾಂದ್ಯರು ಎಂಬ ಮಾತು ಪುಸ್ತಕದಿಂದ ಪುಸ್ತಕಕ್ಕೆ ನಡೆದುಬಂದಿತು. ೨೦೦೬ರಲ್ಲಿ ಮೆರೆಡಿತ್ ಎಡೆಲ್ಸನ್ ಎಂಬಾಕೆ ಈ ಮಾತಿನ ಮೂಲಗಳನ್ನು ಹುಡುಕಿಹೋದಾಗ, ಬಹುಪಾಲು ಲೇಖಕರು ಸ್ವತಃ ಅಳೆದು ಹೇಳಿದವರಲ್ಲ, ಹಿಂದಿನವರು ಹೇಳಿದ್ದನ್ನು ಹೇಳಿದವರು ಎಂಬುದು ಕಂಡುಬಂದಿತು.

ಆಕ್ಸ್‌ಫರ್ಡಿನಲ್ಲಿ ಕೊರಿನ್ ಹಟ್ ಮತ್ತು ಕ್ರಿಸ್ಟೋಫರ್ ಔನ್‌ಸ್ಟೆಡ್ಡರು ೧೯೬೬ರಲ್ಲಿ ನೋಟ ತಪ್ಪಿಸುವುದನ್ನೇ ಪ್ರತ್ಯೇಕ ವಿಷಯವಾಗಿ ಎತ್ತಿಕೊಂಡರು. ಮನುಷ್ಯರ ಮತ್ತು ಪ್ರಾಣಿಗಳ ಮುಖವಾಡಗಳನ್ನು ನಿಲ್ಲಿಸಿದ್ದ ಕೊಠಡಿಯಲ್ಲಿ ಮಕ್ಕಳನ್ನು ಬಿಟ್ಟು ನೋಡಿದಾಗ, ಸ್ವಲೀನ ಮಕ್ಕಳು ಮನುಷ್ಯಮುಖದ ಬಳಿ ಕಡಮೆ ಹೊತ್ತನ್ನೂ ಕೊಠಡಿಯ ಇತರ ಸಾಮಾನುಗಳ ಬಳಿ ಹೆಚ್ಚು ಹೊತ್ತನ್ನೂ ಕಳೆದರು. ಈ ಮಕ್ಕಳ ಮೆದುಳು ಸದಾ ಉದ್ರಿಕ್ತವಾಗಿರುತ್ತದೆ, ಮನುಷ್ಯನ ಕಣ್ಣು ಆ ಉದ್ರೇಕವನ್ನು ಇನ್ನೂ ಏರಿಸುತ್ತದೆ, ಆದುದರಿಂದ ಅವರು ಕಣ್ಣನ್ನು ತಪ್ಪಿಸುತ್ತಾರೆ ಎಂಬುದು ಇವರ ಊಹೆ. ಅಂದರೆ ನೋಟ ತಪ್ಪಿಸುವುದು ಒಂದು ಆತ್ಮರಕ್ಷಣೆ. ಬುದ್ಧಿಯ ಕೊರತೆಯ ಮಾತು ಇಲ್ಲಿ ಬರುವುದೇ ಇಲ್ಲ.

ಆದರೆ ಪಾಠಶಾಲೆಗಳಲ್ಲಿ ಗೆದ್ದುದು ಬೇರೆ ಪಂಥ. ಕ್ಯಾಲಿಫೋರ್ನಿಯದ ಇವಾರ್ ಲೋವಾಸನು ರೂಢಿಗೆ ತಂದ ಶಿಕ್ಷಣಕ್ರಮದಲ್ಲಿ 'ನನ್ನನ್ನು ನೋಡು' ಎಂಬುದು ಮೊದಮೊದಲ ಪಾಠಗಳಲ್ಲಿ ಒಂದು. ನೋಡಿದರೆ ತಿನಿಸು, ಮೆಚ್ಚುಗೆ. ೧೯೭೭ರಲ್ಲಿ ರಿಚರ್ಡ್ ಫಾಕ್ಸನು ನೋಡದ ಮಗುವಿಗೆ ತಲೆಯನ್ನು ಆಜ್ಞೆಯಂತೆ ಮೇಲೆ ಕೆಳಗೆ ಆಡಿಸುವ ಕವಾಯತನ್ನು ಮಾಡಿಸಿ ಕಣ್ಣು ಕೂಡಿಸುವ ವಿಧಾನವನ್ನು ಪ್ರಕಟಿಸಿದನು. ನೋಡುವುದು ಗಮನಕ್ಕೆ ಮೆಟ್ಟಲು, ಗಮನ ಕಲಿಕೆಗೆ ಮೆಟ್ಟಲು ಎಂಬುದು ಇವರ ನಂಬಿಕೆ. ಬೆಂಕಿಕಡ್ಡಿಯ ಅಂಶವನ್ನು ಮೊದಲಿಗಿಟ್ಟ ಬಿನೆಯ ತರ್ಕವೇ ಇಲ್ಲಿ ಕಡ್ಡಿಯ ಬದಲು ಶಿಕ್ಷಕನ ಕಣ್ಣನ್ನು ಇಟ್ಟುಕೊಂಡು ಮರಳಿ ಬಂದಿದೆ.

ಈ ನಂಬಿಕೆಗೆ ಉತ್ತರ ಬಂದುದು ಸ್ವಲೀನರಲ್ಲದ ಮಕ್ಕಳ ಅಧ್ಯಯನದಿಂದ ಎಂಬುದು ಸ್ವಾರಸ್ಯವಾದ ವಿಷಯ. ಕಠಿನವಾದ ಪ್ರಶ್ನೆ ಕೇಳಿದೊಡನೆ ನಮ್ಮ ತರಗತಿಯ ಜಾಣ ವಿದ್ಯಾರ್ಥಿ ಏನು ಮಾಡುತ್ತಾನೆ? ತೊಲೆಯನ್ನೋ ಕಿಟಕಿಯನ್ನೋ ನೋಡುತ್ತಾನೆ. 'ಉತ್ತರವೇನು ಸೂರಿನಲ್ಲಿ ಬರೆದಿದೆಯೆ?' ಎಂದು ಗದರುವ ಅಧ್ಯಾಪಕರು ಆ ಗಳಿಗೆಯಲ್ಲಿ ಅವನ ಯೋಚನೆಯನ್ನೇ ಕೆಡಿಸುತ್ತಿರುತ್ತಾರೆ. ೧೯೯೮ರಲ್ಲಿ ಆರ್ಥರ್ ಗ್ಲೆನ್‌ಬರ್ಗನೂ ಅವನ ಸಂಗಡಿಗರೂ ನೋಟವನ್ನು ತಪ್ಪಿಸುವುದರಿಂದ ಜ್ಞಾಪಕಕ್ಕೆ ನೆರವಾಗುತ್ತದೆಂದು ಪ್ರಯೋಗದಿಂದ ತೋರಿಸಿದರು. ಮುಖದಲ್ಲಿ ಮಾಹಿತಿ ಬಹಳ. ಅದನ್ನು ಓದುವ ಹೊರೆ ಇಳಿದರೆ ಯೋಚನೆಗೆ ಎಡೆಯಾಗುತ್ತದೆ. ಸ್ಕಾಟ್ಲೆಂಡಿನ ಗ್ವಿನೆತ್ ಡೊಹೆರ್ಟಿ-ಸ್ನೆಡನ್ ಮತ್ತು ಸಂಗಡಿಗರು ಎಂಟು ವರ್ಷದ ಮಕ್ಕಳು ದೊಡ್ಡವರಂತೆಯೇ ಈ ಉಪಾಯವನ್ನು ಬಳಸುವುದನ್ನು ಕಂಡರು. ೨೦೦೬ರಲ್ಲಿ ಐದು ವರ್ಷದ ಮಕ್ಕಳಿಗೆ ಬೇರೆಡೆ ನೋಡುವುದನ್ನು ಕಲಿಸಿದಾಗ ಅವರ ಉತ್ತರಗಳು ಉತ್ತಮವಾದುದನ್ನು ವರದಿಮಾಡಿದರು. ೨೦೧೨ರಲ್ಲಿ ಸ್ವಲೀನ ಮಕ್ಕಳನ್ನೂ ಇದೇ ರೀತಿ ಪರೀಕ್ಷಿಸಲಾಯಿತು. ಪ್ರಶ್ನೆ ಕಠಿನವಾದಂತೆ ಅವರ ನೋಟವೂ ಇತರ ಮಕ್ಕಳದರಂತೆಯೇ ಹೆಚ್ಚು ಹೆಚ್ಚಾಗಿ ಬೇರೆಡೆಗೆ ಸರಿಯಿತು. ಅವರು ನೋಡದಿದ್ದ ಗಳಿಗೆಗಳಲ್ಲಿ ಕೆಲವಾದರೂ ಯೋಚಿಸುತ್ತಿದ್ದ ಗಳಿಗೆಗಳು.

ಹಟ್ ಮತ್ತು ಔನ್‌ಸ್ಟೆಡ್ಡರ ಊಹೆಗೂ ಹೊಸ ಉಪಕರಣಗಳಿಂದ ಸ್ವಲ್ಪಮಟ್ಟಿನ ಬೆಂಬಲ ದೊರೆಯಿತು. ೨೦೦೫ರಲ್ಲಿ ಕಿಮ್ ಡಾಲ್ಟನ್ ಮತ್ತು ಸಂಗಡಿಗರು, ಸ್ವಲೀನರು ಚಿತ್ರದಲ್ಲಿರುವ ಕಣ್ಣುಗಳನ್ನು ಹೆಚ್ಚು ಹೊತ್ತು ನೋಡಿದಷ್ಟೂ ಮೆದುಳಿನಲ್ಲಿ ಭಯಾದಿ ಭಾವಗಳಿಗೆ ಸಂಬಂಧಿಸಿದ ಅಮಿಗ್ಡಲ ಎಂಬ ಭಾಗ ಹೆಚ್ಚು ಉದ್ದೀಪ್ತವಾಗುವುದನ್ನು ಕಂಡರು. ೧೯೮೬ರಲ್ಲಿ ಆತ್ಮಕಥೆ ಬರೆದ ಟೆಂಪಲ್ ಗ್ರ್ಯಾಂಡಿನ್ ಮೊದಲಾಗಿ ಅನೇಕ ಸ್ವಲೀನರು ತಮ್ಮ ಅನುಭವವನ್ನು ತಾವೇ ಬರೆದಿದ್ದಾರೆ. ಜಾನ್ ಎಲ್ಡರ್ ರಾಬಿಸನ್ನನು ೨೦೦೭ರಲ್ಲಿ ತನ್ನ ಪುಸ್ತಕಕ್ಕೆ ಇಟ್ಟ ಹೆಸರೇ 'ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡು' ಎಂಬರ್ಥದ್ದು. ಬಾಲ್ಯದಲ್ಲಿ ಹಿರಿಯರಿಂದ ಅವನು ಕೇಳಿ ಕೇಳಿ ಬೇಸತ್ತ ಆಜ್ಞೆ ಅದು.

ಇಷ್ಟರಿಂದ ನೋಟಕ್ಕೆ ಬೆಲೆಯೇ ಇಲ್ಲವೆಂದು ಹೇಳಿದರೆ ಅದು ಅತಿಯಾದೀತು. ಅಮಿ ಕ್ಲಿನ್ ಮತ್ತು ವ್ಯಾರನ್ ಜೋನ್ಸರು ೨೦೧೩ರಲ್ಲಿ, ಮುಂದೆ ಸ್ವಲೀನರೆಂದು ಗುರುತಾಗುವ ಶಿಶುಗಳಲ್ಲಿ ಎರಡನೆಯ ತಿಂಗಳಿಂದ ಆರನೆಯ ತಿಂಗಳೊಳಗೆ ಕಣ್ಣಿನ ಕಡೆಗಿನ ನೋಟ ಇಳಿಮುಖವಾಗುವುದನ್ನು ತೋರಿಸಿದರು. ಪರರ ನೋಟವನ್ನು ಅನುಸರಿಸಿ ಮಕ್ಕಳು ಪದಗಳನ್ನು ಕಲಿಯುತ್ತಾರೆಂಬುದೂ ನಿಜ. ಆದರೆ ಅದೇ ಕ್ಲಿನ್ ೨೦೦೨ರಲ್ಲಿ ಮಾಡಿದ ಪ್ರಯೋಗವೊಂದನ್ನು ಗಮನಿಸಬೇಕು. ೧೯೬೬ರ ಒಂದು ಅಮೆರಿಕನ್ ಚಲನಚಿತ್ರದ ದೃಶ್ಯಗಳನ್ನು ಸಾಮಾನ್ಯ ಬುದ್ಧಿಲಬ್ಧವುಳ್ಳ ಸ್ವಲೀನ ತರುಣರಿಗೆ ತೋರಿಸಿ ಅವರ ಕಣ್ಣಿನ ಚಲನೆಯನ್ನು ಅಳೆಯಲಾಯಿತು. ಪಾತ್ರಗಳ ಕಣ್ಣನ್ನು ಅವರು ಇತರರಿಗಿಂತ ಬಹಳ ಕಡಮೆ ನೋಡಿದರು. ಬಾಯಿಯನ್ನು ಹೆಚ್ಚು ನೋಡಿದರು. ಹೀಗೆ ಬಾಯಿಯನ್ನು ಹೆಚ್ಚು ನೋಡಿದವರೇ ನಿತ್ಯಜೀವನದ ಸಾಮಾಜಿಕ ವ್ಯವಹಾರದಲ್ಲಿ ಉತ್ತಮರಾಗಿದ್ದರು. ಮಾತು ಹುಟ್ಟುವ ಸ್ಥಳವನ್ನೇ ನೋಡಿ ಮಾತನ್ನು ಹಿಡಿಯುವ ದಾರಿಯನ್ನು ಅವರು ಕಂಡುಕೊಂಡಿದ್ದರೆಂದು ತೋರುತ್ತದೆ.

ಬುದ್ಧಿಯ ಅಳತೆಯ ಕಡೆಯಿಂದ ಬಂದ ಮುಖ್ಯವಾದ ಕೆಲಸ ಕೆನಡಾದ ಮಾಂಟ್ರಿಯಲ್ ನಗರದ್ದು. ೧೯೩೮ರಲ್ಲಿ ಇಂಗ್ಲೆಂಡಿನ ಜಾನ್ ರೇವನ್ನನು ಸ್ಪಿಯರ್ಮನ್ನನ ಸಿದ್ಧಾಂತವನ್ನು ಆಧರಿಸಿ ಒಂದು ಪರೀಕ್ಷೆಯನ್ನು ರಚಿಸಿದ್ದನು. ಒಂದು ಚಿತ್ರವಿನ್ಯಾಸದಲ್ಲಿ ಒಂದು ಭಾಗ ಖಾಲಿಯಿರುತ್ತದೆ. ಕೆಳಗಿರುವ ತುಂಡುಗಳಲ್ಲಿ ಯಾವುದು ಅಲ್ಲಿಗೆ ಸಲ್ಲುವುದೆಂದು ತೋರಿಸಬೇಕು. ಮಾತು ಬಹಳವಾಗಿ ಬೇಕಿಲ್ಲ. ಆದರೂ ಕ್ಲಿಷ್ಟವಾದ ತರ್ಕವನ್ನು ಅಳೆಯುವುದರಲ್ಲಿ ಇದಕ್ಕೆ ದೊಡ್ಡ ಮರ್ಯಾದೆಯಿದೆ. ಮಿಶೆಲ್ ಡಾಸನ್, ಇಸಾಬೆಲ್ ಸೂಲಿಯೆರ್, ಮಾರ್ಟನ್ ಗರ್ನ್ಸ್‌ಬಾಕರ್, ಲೊರಾನ್ ಮೊಟ್ರೋನ್ ಎಂಬ ನಾಲ್ವರು ೨೦೦೭ರಲ್ಲಿ ಸ್ವಲೀನ ಮಕ್ಕಳಿಗೂ ವಯಸ್ಕರಿಗೂ ರೂಢಿಯ ವೆಕ್ಸ್ಲರ್ ಪರೀಕ್ಷೆಯನ್ನೂ ರೇವನ್ ಪರೀಕ್ಷೆಯನ್ನೂ ಕೊಟ್ಟು ಹೋಲಿಸಿದರು. ರೇವನ್ ಪರೀಕ್ಷೆಯಲ್ಲಿ ಅವರ ಸ್ಥಾನ ಸರಾಸರಿ ೩೦ ಶತಾಂಶದಷ್ಟು ಮೇಲಿತ್ತು. ಕೆಲವರದು ೭೦ಕ್ಕಿಂತಲೂ ಹೆಚ್ಚಾಗಿ ಮೇಲಿತ್ತು. ಸ್ವಲೀನರಲ್ಲದವರಲ್ಲಿ ಇಂತಹ ಅಂತರವೇನೂ ಕಾಣಲಿಲ್ಲ. ಈ ಪ್ರಬಂಧದ ಮೊದಲ ಲೇಖಕಿಯಾದ ಡಾಸನ್ ಸ್ವತಃ ಸ್ವಲೀನಳು.

೨೦೧೫ರಲ್ಲಿ ಅದೇ ನಗರದ ವಲೆರಿ ಕೂರ್ಶೆನ್ ಮತ್ತು ಸಂಗಡಿಗರು ಇನ್ನೂ ಕಷ್ಟವಾದ ಕೆಲಸಕ್ಕೆ ಕೈಹಾಕಿದರು. ಅವರು ಆರಿಸಿದ ೩೦ ಮಕ್ಕಳಿಗೆ ಮಾತು ಇಲ್ಲವೇ ಇಲ್ಲ, ಅಥವಾ ಬಹು ಸ್ವಲ್ಪ. ವೆಕ್ಸ್ಲರ್ ಪರೀಕ್ಷೆಯನ್ನು ಅವರಲ್ಲಿ ಒಬ್ಬರೂ ಮುಗಿಸಲಾರದೆ ಹೋದರು. ರೇವನ್ ಪರೀಕ್ಷೆಯನ್ನು ಹಲಗೆಯ ರೂಪದಲ್ಲಿ, ಕೈಯಿಂದ ತುಂಡುಗಳನ್ನು ಎತ್ತಿ ಕೂರಿಸುವಂತೆ ಮಾಡಿಕೊಟ್ಟಾಗ ೨೬ ಮಕ್ಕಳು ಅದನ್ನು ಪೂರೈಸಿದರು. ಅವರಲ್ಲಿ ೧೭ ಮಕ್ಕಳು ೫ರಿಂದ ೯೦ನೆಯ ಶತಾಂಶದೊಳಗೆ ಬಂದರು. ಕ್ಯಾನರನು ಮೇಜಿನ ಮೇಲಿಟ್ಟಿದ್ದ ಹಲಗೆ ಎಪ್ಪತ್ತೆರಡು ವರ್ಷಗಳ ಮೇಲೆ ಶಾಸ್ತ್ರೀಯವಾದ ಮಾನದಂಡಗಳೊಡನೆ ಮರಳಿ ಬಂದಂತಾಯಿತು. ಇದರಿಂದ ಸ್ವಲೀನರೆಲ್ಲರೂ ಮೇಧಾವಿಗಳೆಂದು ಸಿದ್ಧವಾಗುವುದಿಲ್ಲ. ಅಮೆರಿಕದ ಸರ್ಕಾರಿ ಸಮೀಕ್ಷೆಯಲ್ಲಿ, ೨೦೨೦ರಲ್ಲಿ ಎಂಟು ವರ್ಷದವರಾಗಿದ್ದು ಬುದ್ಧಿಪರೀಕ್ಷೆಯ ವಿವರ ದೊರೆತ ಸ್ವಲೀನ ಮಕ್ಕಳಲ್ಲಿ ಶೇಕಡ ೩೭.೯ರಷ್ಟು ಮಂದಿ ಬುದ್ಧಿಲಬ್ಧ ೭೦ ಅಥವಾ ಅದಕ್ಕಿಂತ ಕೆಳಗಿನವರು. ಹಳೆಯ ಮುಕ್ಕಾಲುಪಾಲಿನ ಅರ್ಧದಷ್ಟು ಎನ್ನಬಹುದು. ಈ ಅಂಕಿಯೂ ಯಾವ ಪರೀಕ್ಷೆಯಿಂದ ಬಂದುದು ಎಂದು ಕೇಳುವ ಹಕ್ಕನ್ನು ಮಾಂಟ್ರಿಯಲ್ಲಿನವರು ನಮಗೆ ಕೊಟ್ಟಿದ್ದಾರೆ.

ನಮ್ಮ ದೇಶದ ಸ್ಥಿತಿಯನ್ನು ನೋಡೋಣ. ೨೦೦೯ರಲ್ಲಿ ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆಯೊಂದು ಸ್ವಲೀನತೆಯನ್ನು ಗುರುತಿಸುವುದಕ್ಕಾಗಿ ನಲವತ್ತು ಅಂಶಗಳ ಭಾರತೀಯ ಮಾನಕವನ್ನು ಸಿದ್ಧಪಡಿಸಿತು. ಪ್ರತಿಯೊಂದು ಅಂಶಕ್ಕೂ ೧ರಿಂದ ೫ರವರೆಗೆ ಅಂಕ. ಮೊತ್ತ ೭೦ಕ್ಕೆ ಮುಟ್ಟಿದರೆ ಸ್ವಲೀನತೆಯೆಂದು ನಿರ್ಣಯ. ಅದರ ಮೊದಲನೆಯ ಅಂಶ, ಮಗು ಪರರ ಕಣ್ಣಿಗೆ ಕಣ್ಣು ಸೇರಿಸುವುದು ಕಡಮೆಯೆ ಎಂಬುದು. ೧೯೦೫ರ ಮಾನಕದಂತೆ ಇಲ್ಲಿಯೂ ನೋಟವೇ ಮೊದಲು. ಇದು ಬುದ್ಧಿಯ ಪರೀಕ್ಷೆಯಲ್ಲ, ಬುದ್ಧಿಯನ್ನು ಬೇರೆಯಾಗಿ ಅಳೆಯಬೇಕು. ಆ ಬೇರೆಯ ಅಳತೆಗಾಗಿ ಬಾಯಿಮಾತಿನ ಪ್ರಶ್ನೆಗಳನ್ನೇ ನೆಚ್ಚಿದರೆ, ಮೊದಲ ಮಾನಕದಲ್ಲಿ ಕಣ್ಣು ಸೇರಿಸಲಾರದೆಂದು ಬರೆದುಕೊಂಡ ಮಗುವನ್ನು ಎರಡನೆಯ ಮಾನಕಕ್ಕಾಗಿ ಎದುರಿಗೆ ಕುಳ್ಳಿರಿಸಿಕೊಂಡು ಮುಖಾಮುಖಿ ಉತ್ತರ ಹೇಳೆಂದು ಕೇಳಿದಂತಾಗುತ್ತದೆ.

ಕಾನೂನಿನಲ್ಲಿಯೂ ಈ ತೊಡಕು ಉಳಿದುಕೊಂಡಿದೆ. ೧೯೯೯ರ ರಾಷ್ಟ್ರೀಯ ನ್ಯಾಸ ಅಧಿನಿಯಮದ ಶೀರ್ಷಿಕೆಯಲ್ಲಿಯೇ ಸ್ವಲೀನತೆ ಮತ್ತು ಬುದ್ಧಿಮಾಂದ್ಯ ಎಂಬೆರಡು ಬೇರೆ ಬೇರೆಯಾಗಿ ಬಂದಿದ್ದುವು. ಅಂಗವಿಕಲರ ಹಕ್ಕುಗಳನ್ನು ಕುರಿತ ೨೦೧೬ರ ಅಧಿನಿಯಮದ ಅನುಸೂಚಿಯಾದರೋ ಬೌದ್ಧಿಕ ವೈಕಲ್ಯವೆಂಬ ತಲೆಬರಹವನ್ನು ಕೊಟ್ಟು, ಅದರೊಳಗೆ ಸ್ವಲೀನತೆಯನ್ನು ಒಂದು ಉಪವಿಭಾಗವಾಗಿ ಸೇರಿಸಿದೆ. ಅದೇ ಅಧಿನಿಯಮದ ೩೪ನೆಯ ಪ್ರಕರಣ ಉದ್ಯೋಗದ ಮೀಸಲಾತಿಯನ್ನು ವಿಧಿಸುವಾಗ ಸ್ವಲೀನತೆಯನ್ನೂ ಬೌದ್ಧಿಕ ವೈಕಲ್ಯವನ್ನೂ ಅಲ್ಪವಿರಾಮವೊಂದರಿಂದ ಬೇರ್ಪಡಿಸಿ ಎರಡಾಗಿ ಹೇಳುತ್ತದೆ.